ನಾಲ್ಕನೇ ಮೇಜಿನ ಬೈಗುಳ

ಎಲಿಫಾಸ್ ಜೆರೆ ಗೆಲ್ಲುತ್ತಿದ್ದ ಆಟದಲ್ಲಿ ಅವನು ಸೋತನೆಂದು ಬರೆದರು. ಕಿಟ್ವೆ ಊರಿನ ತಾಮ್ರದ ಗಣಿ ಕಾರ್ಮಿಕರ ಸಭಾಂಗಣದಲ್ಲಿ, ಚದುರಂಗದ ಕೊನೆಯ ಸುತ್ತಿನಲ್ಲಿ, ನಾಲ್ಕನೇ ಮೇಜಿನಲ್ಲಿ, ಮಾತಾಡಿದ್ದಕ್ಕೆ.

ಎದುರಿಗೆ ಕೂತಿದ್ದವಳು ಪೇಟೆಯಲ್ಲಿ ಒಣಮೀನು ಮಾರುವ ಅಸುಂತಾ ಕಸೊಂಡೆ. ಗೆದ್ದವರು ರಾಜಧಾನಿ ಲುಸಾಕಾಕ್ಕೆ, ದೇಶದ ಪಂದ್ಯಕ್ಕೆ. ಆರು ವರ್ಷದಿಂದ ಅವಳು ಆ ಬಸ್ಸಿಗಾಗಿ ಕಾಯುತ್ತಿದ್ದಳು.

ಜೆರೆ ಎಂಗೋನಿ ಕುಲದವನು, ಅವಳು ಬೆಂಬಾ ಕುಲದವಳು. ಅಜ್ಜಂದಿರು ಈಟಿ ಹಿಡಿದು ಕಾದಾಡಿದವರು; ಮೊಮ್ಮಕ್ಕಳು ಬೈದಾಡಿಯೇ ನೆಂಟರು. ಹೆಣದ ಮನೆಯಲ್ಲೂ ಬೈಯುತ್ತಾರೆ. ಬೈಯದೆ ಕೂತರೆ ಮುನಿಸಿಕೊಂಡಿದ್ದಾರೆಂದೇ ಲೆಕ್ಕ.

ಅವಳ ಆನೆ ತಪ್ಪು ಮನೆಗೆ ಹೋದಾಗ ಜೆರೆ ಸುಮ್ಮನಿರುವುದುಂಟೇ?

"ಏನಮ್ಮಾ, ಕೋತಿ ತಿನ್ನೋರು ಆನೇನ ಹಿಂಗಾ ನಡ್ಸೋದು?"

"ಇಲಿ ತಿನ್ನೋ ಬಾಯಿ ಮುಚ್ಕೊಂಡು ಆಡೋ ಮುದುಕಾ. ನಾಳೆ ನಿನ್ನ ಹೆಣ ಹೊರೋಳು ನಾನೇ."

"ಹೊರು, ಹೊರು. ದಾರೀಲಿ ಇಳ್ಸಿ ಮೀನು ವ್ಯಾಪಾರಕ್ಕೆ ನಿಂತ್ಗೋಬೇಡ."

ಹೀಗೆಂದು ಕುದುರೆಯನ್ನು ಕುಕ್ಕಿದ. ರಾಜನಿಗೆ ಚೆಕ್, ಆನೆಗೂ ಕುತ್ತು. ಅಸುಂತಾ ಸೆರಗಿನಂಥ ಮೇಲುಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ನಗೆಗೆ ಹೆಗಲು ಕುಲುಕುತ್ತಿತ್ತು.

ತೀರ್ಪುಗಾರ ಗಣಿ ಕಂಪನಿಯ ಸಾಹೇಬ, ಊರಿಗೆ ಬಂದು ಮೂರು ತಿಂಗಳು. ಅವನಿಗೆ ಅಲ್ಲಿ ಕಂಡದ್ದು ಅಳುವ ಹೆಂಗಸು, ಗದರುವ ಗಂಡಸು. ಯಾರನ್ನೂ ಕೇಳದೆ ಗಡಿಯಾರ ನಿಲ್ಲಿಸಿ, ಜೆರೆ ಸೋತನೆಂದು ಬರೆದ. ನೆಲದಡಿಯ ತಾಮ್ರ ತಮ್ಮದೆನ್ನುವವರು ನೆಲದ ಮೇಲಿನ ನಗೆಯನ್ನು ಕೇಳಿ ಬರೆಯುತ್ತಾರೆಯೇ?

"ಸಾಹೇಬ್ರೇ, ನಾನು ನಕ್ಕಿದ್ದು!" ಎಂದಳು ಅಸುಂತಾ.

"ಬರೆದಾಯ್ತು."

ಜೆರೆ ಟೋಪಿ ಎತ್ತಿಕೊಂಡು ಎದ್ದ. ಮೂವತ್ತು ವರ್ಷ ಗಣಿಗಿಳಿದವನಿಗೆ ಸಾಹೇಬರ ಮುಂದೆ ವಾದ ಹಾಕಿ ಅಭ್ಯಾಸವಿಲ್ಲ. "ಹೋಗ್ಬಾ ತಾಯಿ ಲುಸಾಕಾಕ್ಕೆ," ಎಂದ. ಬೈಗುಳವಿರಲಿಲ್ಲ. ಅದೇ ಅವಳಿಗೆ ಚುಚ್ಚಿದ್ದು.

ಸಾಹೇಬ ಹಾಳೆ ಚಾಚಿ ಪೆನ್ನು ಕೊಟ್ಟ. "ಗೆದ್ದವರು ಸಹಿ ಹಾಕಿ."

ಅವಳು ಹಲಗೆ ನೋಡಿದಳು. ಆನೆ ಹೋಗುತ್ತದೆ, ಅದರ ಹಿಂದೆ ಬಸ್ಸೂ. ಪೆನ್ನನ್ನು ಹಾಳೆಯ ಮೇಲಿಟ್ಟು ವಾಪಸ್ಸು ತಳ್ಳಿದಳು.

"ಗಡಿಯಾರ ಶುರು ಮಾಡಿ. ನಡೆ ನಂದು."

"ಸಹಿ ಹಾಕಮ್ಮಾ."

"ಹಾಕಲ್ಲ. ಕೂತ್ಕೊಳೋ, ಇಲಿ ತಿನ್ನೋನೇ!"