ನಾದಬಾರದ ಸ್ವರ

ಇದು ಅವಳಲ್ಲ, ಇದು ನಲವತ್ತೆರಡನೇ ನಂಬರಿನ ಹುಡುಗ, ಕಮಾನಿಗೆ ರಾಳ ಜಾಸ್ತಿ ತಿಕ್ಕಿಕೊಂಡು ಬಂದಿದ್ದಾನೆ, ಬಾಗಿಲ ಸಂದಿಯಿಂದ ಬರುವ ಪ್ರತಿ ಸ್ವರಕ್ಕೂ ಮರಳು ಮೆತ್ತಿದ ಹಾಗಿದೆ, ಆದರೆ ಎಡಗೈ ಚೆನ್ನಾಗಿದೆ, ಹಾಳಾದವನ ಎಡಗೈ ಎಷ್ಟು ಗಟ್ಟಿಯಾಗಿ ನಿಂತಿದೆ — ಫಾನ್ ಯುಹ ತನ್ನ ಎಡಗೈಯನ್ನು ಕೋಟಿನ ಜೇಬಿನಲ್ಲಿ ಇನ್ನಷ್ಟು ಆಳಕ್ಕೆ ತಳ್ಳಿದ. ಜೇಬಿನೊಳಗೂ ಅದು ಸುಮ್ಮನಿರುವುದಿಲ್ಲ, ನಿಂತ ಬಸ್ಸಿನ ಎಂಜಿನ್ನಿನ ಥರ ತನ್ನ ಪಾಡಿಗೆ ತಾನು ನಡುಗುತ್ತದೆ, ಅದರಲ್ಲೂ ಉಂಗುರ ಬೆರಳು. ಕಾರಿಡಾರಿನ ತುಂಬ ಮಕ್ಕಳು, ಪೆಟ್ಟಿಗೆಗಳು, ಥರ್ಮಾಸ್ ಹಿಡಿದ ಅಮ್ಮಂದಿರು, ನೆಲಕ್ಕೆ ಹಾಕಿದ ಫಿನೈಲಿನ ವಾಸನೆ. ಪಕ್ಕದಲ್ಲಿ ರುಯಿಯ ಅಮ್ಮ ಸೂ ಫೆನ್ ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆಯನ್ನು ಅಂಗೈಯಲ್ಲಿ ಕೂಡಿಸುತ್ತಿದ್ದಾಳೆ, ಮೇಷ್ಟ್ರೇ ಈ ಹುಡುಗ ಹೇಗೆ, ನಮ್ಮವಳಿಗಿಂತ ಜೋರಾ, ಜೋರೇನಿಲ್ಲ ರುಯಿ ಅಮ್ಮ, ಸುಮಾರು, ಹಾಗಾದ್ರೆ ಅವರಮ್ಮ ಯಾಕೆ ಹಾಗೆ ಕತ್ತು ಎತ್ತಿಕೊಂಡು ಕೂತಿದ್ದಾಳೆ, ಮಗನಿಗೆ ಆಗಲೇ ಸೀಟು ಸಿಕ್ಕಿದ ಹಾಗೆ, ಬೀಜ ತಿಂತೀರಾ, ಬೇಡ, ತಗೊಳ್ಳಿ ಮೇಷ್ಟ್ರೇ, ಬಾಯಿ ಆಡ್ತಾ ಇದ್ರೆ ಭಯ ಆಗಲ್ಲ — ತೆಗೆದುಕೊಳ್ಳಬೇಕೆಂದರೆ ಯಾವ ಕೈ ಹೊರಗೆ ಬರಬೇಕು, ಬಲಗೈ, ಬಲಗೈ ಇನ್ನೂ ತನ್ನದೇ. ಎದುರಿನ ಬೆಂಚಿನಲ್ಲಿ ಹಾವೊ ರುಯಿ, ಹನ್ನೆರಡು ವರ್ಷ, ಎರಡು ತಂತಿಯ ಪಿಟೀಲಿನಂಥ ಎರ್ಹುವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಬಿಸಿನೀರಿನ ಚೀಲಕ್ಕೆ ಬೆರಳು ಒತ್ತಿ ಕಾಯಿಸಿಕೊಳ್ಳುತ್ತಿದ್ದಾಳೆ, ಬಾಯಲ್ಲಿ ಏನೋ ಎಣಿಕೆ, ಅವನತ್ತ ನೋಡುತ್ತಿಲ್ಲ, ಬೆಳಿಗ್ಗೆ ಬಸ್ಸಿನಲ್ಲಿ ಆದ ಮಾತಿನ ನಂತರ ಒಮ್ಮೆಯೂ ನೋಡಿಲ್ಲ. ಈ ಸಂಗೀತ ಶಾಲೆಗೆ ಸೇರುವುದಿದ್ದರೆ ಹನ್ನೆರಡರಲ್ಲೇ, ಮುಂದಿನ ವರ್ಷ ಅರ್ಜಿಯನ್ನೂ ತೆಗೆದುಕೊಳ್ಳುವುದಿಲ್ಲ, ವಾಪಸ್ಸು ಹೋದರೆ ಅಲ್ಲಿ ಇರುವುದು ತಾಲ್ಲೂಕಿನ ಶಾಲೆ, ಅಮ್ಮನ ನೂಡಲ್ ಅಂಗಡಿ, ಅಷ್ಟೇ. ನಲವತ್ತಮೂರು, ಒಳಗೆ ಬಾ. ಹುಡುಗಿ ಎದ್ದಳು, ಕೋಟು ತೆಗೆದು ಅಮ್ಮನ ತೊಡೆಗೆ ಎಸೆದಳು, ಬಾಗಿಲು ಮುಚ್ಚಿತು.

ಒಳಗೆ ಪರದೆ ಕಟ್ಟಿದ್ದಾರೆ, ಪರದೆಯ ಆಚೆ ಐದು ಜನ, ಮುಖ ನೋಡುವುದಿಲ್ಲ, ಹೆಸರು ಊರು ಕೇಳುವುದಿಲ್ಲ, ಕಿವಿ ಮಾತ್ರ. ಮೊದಲು ವೇಗದ ತುಣುಕು, ಶುರುವಾಯಿತು, ಸರಿ, ಸರಿ, ಕಮಾನು ಎರಡು ತಂತಿಗಳ ನಡುವೆ ಸಿಕ್ಕಿಕೊಳ್ಳದೆ ಓಡುತ್ತಿದೆ, ಎಷ್ಟು ಹಗುರ ಈ ಹುಡುಗಿಯ ಮಣಿಕಟ್ಟು, ಕಾರಿಡಾರಿನಲ್ಲಿ ಒಂದಿಬ್ಬರು ತಲೆ ಎತ್ತಿದರು — ಆರು ವರ್ಷದ ಹಿಂದೆ ಅವನು ಪಾಠ ಹೇಳುವ ಸಾಂಸ್ಕೃತಿಕ ಭವನದ ಬಾಗಿಲಲ್ಲಿ ಸೂ ಫೆನ್ ಇವಳನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು, ಒಲೆ ಹತ್ರ ಬಿಟ್ರೆ ಸುಟ್ಕೋತಾಳೆ ಮೇಷ್ಟ್ರೇ, ಎರಡು ಗಂಟೆ ಇಲ್ಲಿ ಕೂರಿಸ್ಕೊಳ್ಳಿ, ಏನಾದ್ರೂ ಕಲಿಸಿ, ಕಲಿಸದಿದ್ರೂ ಬೇಜಾರಿಲ್ಲ. ಕೂರಿಸಿಕೊಂಡ. ಮೂರನೇ ದಿನ ಅವನು ತಂತಿ ಬಿಗಿಯುತ್ತಿದ್ದಾಗ ಆ ಪುಟ್ಟ ಸಿಂಬಳಬುರುಕಿ, ಇನ್ನೂ ಒಂಚೂರು ಕಮ್ಮಿ ಇದೆ ತಾತ, ಅಂದಿತು, ಕಮ್ಮಿಯೇ ಇತ್ತು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು, ಅವನು ನುಡಿಸುವುದು, ಅವಳು ಅವನ ಕೈ ನೋಡಿ ನುಡಿಸುವುದು, ಅವನ ಗುರು ಮುದುಕ ಲೇಯ್ ಅವನಿಗೆ ಕಲಿಸಿದ್ದೂ ಹಾಗೇ, ಸ್ವರ ಬರೆದ ಕಾಗದ ನೋಡಿದರೆ ಕಮಾನಿನ ಕೋಲಿನಿಂದ ಮಂಡಿಗೆ ಏಟು. ತಂತಿ ನಾದುವುದು ಅನ್ನುತ್ತಾರೆ ಅವರ ಕಡೆ, ಬೆರಳನ್ನು ತಂತಿಯ ಮೇಲೆ ಉರುಳಿಸಿ ಸ್ವರವನ್ನು ಕಂಪಿಸುವುದಕ್ಕೆ, ಹಿಟ್ಟು ನಾದಿದ ಹಾಗೆ ಭುಜದಿಂದ ಬರಬೇಕು ಕತ್ತೆ, ಚಳಿಗೆ ನಡುಗಿದ ಹಾಗಲ್ಲ, ಎನ್ನುತ್ತಿದ್ದ ಮುದುಕ. ಸೂ ಫೆನ್ ಅದನ್ನು ಮೊದಲ ಸಲ ಕೇಳಿ ನಕ್ಕಿದ್ದೇ ನಕ್ಕಿದ್ದು, ದಿನಾ ಎರಡು ಮೂಟೆ ನಾದ್ತೀನಿ ಮೇಷ್ಟ್ರೇ, ನನಗೇ ಕಲಿಸಿ, ಇವಳಿಗಿಂತ ಬೇಗ ಬರುತ್ತೆ. ಎರ್ಹುವಿನ ತಂತಿಯ ಕೆಳಗೆ ಹಲಗೆಯಿಲ್ಲ, ಬೆರಳು ಗಾಳಿಯಲ್ಲೇ ತಂತಿಯನ್ನು ಒತ್ತಬೇಕು, ಆಸರೆ ಏನೂ ಇಲ್ಲ, ಆದ್ದರಿಂದ ಬೆರಳಿನಲ್ಲಿ ಇರುವುದೆಲ್ಲ ಕೇಳಿಸಿಬಿಡುತ್ತದೆ, ಹೆದರಿಕೆ ಇದ್ದರೆ ಹೆದರಿಕೆ, ಕಾಯಿಲೆ ಇದ್ದರೆ ಕಾಯಿಲೆ. ವೇಗದ ತುಣುಕು ಮುಗಿಯಿತು, ಒಂದು ತಪ್ಪೂ ಇಲ್ಲ, ವೇಗದಲ್ಲಿ ಯಾವ ಬೆರಳೂ ನಿಲ್ಲುವುದಿಲ್ಲವಲ್ಲ, ನಿಲ್ಲದ ಬೆರಳಿನ ಗುಟ್ಟು ಯಾರಿಗೂ ಗೊತ್ತಾಗುವುದಿಲ್ಲ.

ಅವಳು ತಂತಿ ಸರಿಮಾಡಿಕೊಳ್ಳುತ್ತಿದ್ದಾಳೆ. ಇನ್ನು ನಿಧಾನದ್ದು. ಈಗ ಮೂರು ವರ್ಷವಾಯಿತೇ, ಗುಯಿಲಾನ್ ಈ ನಡುಕವನ್ನು ಮೊದಲು ಕಂಡಿದ್ದು, ಹೆಂಡತಿಯ ಕಣ್ಣಿಗೆ ಬೀಳದೆ ಏನು ಉಳಿಯುತ್ತದೆ, ಸೂಪಿನ ಬಟ್ಟಲು ಎಡಗೈಯಲ್ಲಿತ್ತು, ಪ್ಯಾಂಟಿನ ಮೇಲೆಲ್ಲ ಚೆಲ್ಲಿತು, ಏನ್ರೀ ಇದು ಮಗು ಥರ, ಬಿಸಿ ಕಣೇ, ಬಿಸಿ ಇಲ್ಲ, ನಾನೂ ಅದನ್ನೇ ಕುಡೀತಿದ್ದೀನಿ. ಆಸ್ಪತ್ರೆಯ ಡಾಕ್ಟರು ಕೈ ಚಾಚಿ ಅಂದ, ಇನ್ನೂ ಚಾಚಿ ಅಂದ, ನರದ್ದು, ಮಾತ್ರೆ ಕೊಡ್ತೀನಿ, ಜಾಸ್ತಿ ಆಗದ ಹಾಗೆ ನೋಡ್ಕೋಬಹುದು, ವಾಸಿ ಆಗಲ್ಲ, ಏನು ಕೆಲಸ ಮಾಡ್ತೀರಿ, ಫಾನ್ ಗುಮಾಸ್ತ ಎಂದ. ಯಾಕೆ ಹಾಗೆಂದನೋ, ಡಾಕ್ಟರಿಗೆ ಯಾರಾದರೂ ಸುಳ್ಳು ಹೇಳುತ್ತಾರೆಯೇ. ಆ ವರ್ಷವೇ ವಸಂತ ಹಬ್ಬದ ಕಾರ್ಯಕ್ರಮದಲ್ಲಿ ಅದೇ ನಿಧಾನದ ತುಣುಕು ನುಡಿಸಿದ, ಎಡಗೈ ತನ್ನ ಇಷ್ಟದಂತೆ ನಡುಗಿತು, ತಡೆಯಲಾಗಲಿಲ್ಲ, ಕೆಳಗಿಳಿಯುವಾಗ ಮುಖ ಎತ್ತಲಾರದೆ ಇಳಿದ, ನೋಡಿದರೆ ಮುಂದಿನ ಸಾಲಿನಲ್ಲಿ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಭವನದ ಮುಖ್ಯಸ್ಥ ಎರಡೂ ಕೈ ಹಿಡಿದು ಕುಲುಕಿದ, ಫಾನ್ ಮೇಷ್ಟ್ರೇ ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ, ತಂತಿನೇ ಅತ್ತ ಹಾಗಿತ್ತು. ತಂತಿ ಅಳುತ್ತದೆ. ಫಾನ್ ಮೇಷ್ಟ್ರ ತಂತಿ ಅಳುತ್ತದೆ. ಮೂವತ್ತು ವರ್ಷ ನೆಟ್ಟಗೆ ನುಡಿಸಿದಾಗ ಯಾರೂ ತಿರುಗಿ ನೋಡದಿದ್ದ ಊರು ಕಾಯಿಲೆ ಬಂದ ಮೇಲೆ ಮಕ್ಕಳನ್ನು ಕರೆದುಕೊಂಡು ಬಂದು ಸಾಲು ನಿಂತಿತು. ನಾಚಿಕೆಯಾಗಲಿಲ್ಲವೇ, ಆಯಿತು, ಮೊದಲ ತಿಂಗಳು. ಆಮೇಲೆ ತಾನೂ ನಂಬಿದ, ಅರ್ಧ ನಂಬಿದ, ಇರಬಹುದು, ವಯಸ್ಸಾದ ಮೇಲೆ ಬರುವ ಕಲೆಯೇ ಹೀಗೋ ಏನೋ. ಗುಯಿಲಾನ್ ಮಾತ್ರ ಪಾತ್ರೆ ತೊಳೆಯುತ್ತ, ಊರಿಗೆಲ್ಲ ಮಂಕುಬೂದಿ ಎರಚಿ, ಮಾತ್ರೆ ತಗೊಂಡ್ರಾ ಹೇಳಿ, ಎಂದಳು. ಎಲ್ಲ ಬಿಟ್ಟುಬಿಡಬಹುದಿತ್ತು. ಬಿಟ್ಟು ಏನು ಮಾಡುವುದು, ಬೇರೆಯವನೊಬ್ಬ ತನ್ನ ಕುರ್ಚಿಯಲ್ಲಿ ಕೂರುತ್ತಾನೆ, ತಾನು ಪಾರ್ಕಿನಲ್ಲಿ ಮುದುಕರ ಜೊತೆ ಚದುರಂಗ ಆಡುವುದು, ಕಾಯಿ ಎತ್ತಿದರೆ ಅದೂ ನಡುಗುತ್ತದೆ.

ಶುರುವಾಯಿತು, ನಿಧಾನದ್ದು. ಮೊದಲ ಸಾಲು ಒಳ ತಂತಿಯ ಮೇಲೆ, ತಗ್ಗಿನಲ್ಲಿ, ಒಳ್ಳೆ ಹುಡುಗಿ, ಕಮಾನನ್ನು ಅವಸರ ಮಾಡಬೇಡ, ಹಾಂ. ಗಂಡ ಯುದ್ಧದಿಂದ ಬರುವನೆಂದು ಬಾಗಿಲಲ್ಲಿ ಕಾಯುವ ಹೆಂಗಸಿನ ಕತೆ ಅದು, ಅಳುತ್ತಾಳೆ, ಅಳುತ್ತಾಳೆ, ಮೂರನೇ ಭಾಗದಲ್ಲಿ ಅವನು ಬರುವುದಿಲ್ಲವೆಂದು ಗೊತ್ತಾಗುತ್ತದೆ, ಅಲ್ಲಿ ಒಂದು ಉದ್ದನೆಯ ಸ್ವರ, ಉಂಗುರ ಬೆರಳಿನಲ್ಲಿ, ಎಂಟು ಎಣಿಕೆ, ನಾದಬಾರದು. ಅಳು ಮುಗಿದ ಮೇಲಿನ ಸ್ವರ ಅದು, ಅಲ್ಲಿ ಅಲುಗಿದರೆ ಸುಳ್ಳು ಕಣೋ, ಅಲ್ಲಿ ನಿನ್ನ ಕೈ ಸತ್ತಿರಬೇಕು, ಎಂದು ಮುದುಕ ಲೇಯ್ ಆ ಒಂದು ಸ್ವರಕ್ಕೆ ಒಂದು ಚಳಿಗಾಲ ಪೂರ್ತಿ ತೆಗೆದುಕೊಂಡಿದ್ದ. ರುಯಿ ಕೇಳಿದ್ದಳು. ಕೇಳದೆ ಇರಲಿಲ್ಲ. ಹೋದ ಬೇಸಿಗೆ, ಫ್ಯಾನ್ ಕೆಟ್ಟಿತ್ತು, ಮೂಗಿನ ತುದಿಯಲ್ಲಿ ಬೆವರು, ಮೇಷ್ಟ್ರೇ ಇಲ್ಲಿ ನಾದಬಾರದು ಅಂತ ಪುಸ್ತಕದಲ್ಲಿದೆ, ನೀವು ನಾದ್ತೀರಲ್ಲ. ಪುಸ್ತಕ ನುಡಿಸುತ್ತಾ, ನಾನು ನುಡಿಸ್ತೀನಾ, ನನ್ನ ಕೈ ನೋಡು. ಅವಳು ನೋಡಿದಳು. ಬಾಗಿ, ಕಣ್ಣು ಕಿರಿದು ಮಾಡಿ, ಅವನ ಉಂಗುರ ಬೆರಳನ್ನು ನೋಡಿದಳು, ಆ ನೋಟ, ಕದ್ದವನ ಜೇಬನ್ನು ಮಗು ನಂಬಿಕೆಯಿಂದ ನೋಡಿದ ಹಾಗೆ. ಆರೋಗ್ಯವಂತ ಬೆರಳಿಗೆ ನಡುಕ ಬರುವುದು ಸುಲಭವಲ್ಲ, ನಾದಿದರೆ ಅಗಲವಾಗುತ್ತದೆ, ನಡುಕ ಸಣ್ಣದು, ವೇಗದ್ದು, ಲೆಕ್ಕಕ್ಕೆ ಸಿಗದ್ದು. ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಲಿತಳು, ಅಮ್ಮ ಬೈದಳಂತೆ, ಒಂದೇ ಸ್ವರ ಎಷ್ಟು ಸಲ ಕೊರೀತೀಯೇ, ಗಿರಾಕಿಗಳು ಓಡಿಹೋಗ್ತಾರೆ. ಶೀತಗಾಳಿ ಬೀಸುವ ಹೊತ್ತಿಗೆ ಒಂದು ಸಂಜೆ ಮೆಟ್ಟಿಲು ಹಾರಿಕೊಂಡು ಬಂದಳು, ಬಂತು ಮೇಷ್ಟ್ರೇ, ನೋಡಿ, ಬಂತು. ನುಡಿಸಿದಳು. ಫಾನ್‌ನದೇ ಕೈ, ಆ ಹುಡುಗಿಯ ಬೆಳ್ಳನೆಯ ಬೆರಳಿಗೆ ಅಂಟಿಕೊಂಡು ನಡುಗುತ್ತಿತ್ತು. ಆಗ ಹೇಳಬಹುದಿತ್ತು, ಇದು ಕಾಯಿಲೆ ಕಣಮ್ಮ, ಬಿಡು. ಹೂಂ, ಎಂದ. ಹೂಂ, ಚೆನ್ನಾಗಿದೆ. ಹೇಳಿದರೆ ಸುದ್ದಿ ಸಂಜೆಯೊಳಗೆ ಅಂಗಡಿಗೆ, ಅಂಗಡಿಯಿಂದ ಊರಿಗೆ. ದಿನ ತಳ್ಳಿದ, ವಾರ ತಳ್ಳಿದ, ಬಸ್ಸು ಹತ್ತುವ ತನಕ ತಳ್ಳಿ, ಇವತ್ತು ಬೆಳಿಗ್ಗೆ ತೈಯುವಾನ್ ನಗರದ ಚಿಮಣಿಗಳು ಕಾಣತೊಡಗಿದಾಗ, ರುಯಿ, ಆ ಸ್ವರ ಇವತ್ತು ಸುಮ್ಮನೆ ಹಿಡಿ, ನಾದಬೇಡ. ಹುಡುಗಿ ಬಿಳಿಚಿಕೊಂಡಳು, ಬೇರೆ ಥರ ನನ್ನ ಬೆರಳಿಗೆ ಗೊತ್ತಿಲ್ಲ ಮೇಷ್ಟ್ರೇ, ಸೂ ಫೆನ್ ಮುಂದಿನ ಸೀಟಿನಿಂದ ತಿರುಗಿದಳು, ಏನ್ ಮೇಷ್ಟ್ರೇ ನೀವೂನೂ, ಒಲೆ ಮೇಲೆ ನೀರು ಕುದೀತಿರುವಾಗ ಹಿಟ್ಟು ಬದಲಾಯಿಸ್ತಾರಾ ಯಾರಾದ್ರೂ, ಅವಳನ್ನ ಗಾಬರಿ ಮಾಡಬೇಡಿ — ಅವನು ಸುಮ್ಮನಾದ, ಸುಮ್ಮನಾಗುವುದು ಅವನಿಗೆ ಚೆನ್ನಾಗಿ ಬರುತ್ತದೆ. ಎರಡನೇ ಭಾಗ ಮುಗಿಯಿತು. ಬಂತು, ಈಗ, ಹಿಡಿ, ಬರಿದಾಗಿ ಹಿಡಿ ಮಗಳೇ, ಒಂದು, ಎರಡು, ಮೂರು, ನೆಟ್ಟಗಿದೆಯೇ, ನೆಟ್ಟಗೇ ಇದೆ, ನಾಲ್ಕು — ಇಲ್ಲ. ಬಂತು. ಸಣ್ಣಗೆ, ವೇಗವಾಗಿ, ಲೆಕ್ಕಕ್ಕೆ ಸಿಗದಂತೆ. ಎಂಟು ಎಣಿಕೆಯಲ್ಲ, ಹತ್ತು ಹಿಡಿದಳು.

ತುಣುಕು ಮುಗಿದರೂ ಸರದಿ ಮುಗಿಯಿತೆನ್ನುವ ಗಂಟೆ ಬಾರಿಸಲಿಲ್ಲ. ಒಳಗೆ ಯಾರದೋ ಮಾತು, ಗಂಡಸಿನ ಧ್ವನಿ, ಕೇಳಿಸುವುದಿಲ್ಲ. ಮತ್ತೆ ಅದೇ ಸ್ವರ, ಅದೊಂದೇ, ಮುಂದಿಲ್ಲ ಹಿಂದಿಲ್ಲ, ಉಂಗುರ ಬೆರಳು. ಸೂ ಫೆನ್ ಅವನ ತೋಳು ಹಿಡಿದು ಅಲ್ಲಾಡಿಸಿದಳು, ಕೇಳಿದ್ರಾ, ಇನ್ನೊಂದ್ಸಲ ನುಡಿಸ್ತಿದ್ದಾಳೆ, ಬೇರೆ ಯಾರಿಗೂ ಇನ್ನೊಂದ್ಸಲ ಅನ್ನಲಿಲ್ಲ ಅಲ್ವಾ, ನೋಡಿ ಆ ಕತ್ತುದ್ದದವಳ ಮುಖ ಹೆಂಗಾಯ್ತು. ಮೂರನೇ ಸಲ. ಪ್ರತಿ ಸಲವೂ ಹುಡುಗಿ ಇನ್ನಷ್ಟು ಮನಸ್ಸಿಟ್ಟು, ಇನ್ನಷ್ಟು ಚೆನ್ನಾಗಿ ನಡುಗಿಸುತ್ತಿದ್ದಾಳೆ, ಎದ್ದು ಹೋಗಿ ಬಾಗಿಲು ತಟ್ಟು, ಅದು ಆ ಮಗುವಿನದಲ್ಲ ನನ್ನದು, ನನ್ನ ಕೈ ನೋಡಿ ಸ್ವಾಮಿ, ಎಂದು ಪರದೆ ಸರಿಸಿ ಚಾಚು, ಎದ್ದೇಳು — ಒಳಗೆ ಗಂಟೆ ಬಾರಿಸಿದರು. ರುಯಿ ಹೊರಗೆ ಬಂದಳು, ಕೆನ್ನೆ ಕೆಂಪಾಗಿ, ಮೊದಲ ಬಾರಿಗೆ ನೇರ ಅವನ ಮುಖ ನೋಡುತ್ತ, ಮೂರು ಸಲ ಕೇಳಿದ್ರು ಮೇಷ್ಟ್ರೇ, ಮೂರು ಸಲ, ಚಳಿ ಆಗ್ತಿದೆಯಾ ಮಗು ಅಂದ್ರು, ಇಲ್ಲ ಅಂದೆ, ಹೆದರಿಕೇನಾ, ಇಲ್ಲ ಅಂದೆ, ಕೈಗೆ ಏನಾದ್ರೂ ಪೆಟ್ಟು ಬಿದ್ದಿದೆಯಾ, ಇಲ್ಲ ಸರ್, ಇದು ನಮ್ಮ ಮೇಷ್ಟ್ರ ಕೈ, ಕಲಿಯೋಕೆ ಆರು ತಿಂಗಳು ಬೇಕಾಯ್ತು ಅಂದೆ, ಆಮೇಲೆ ಯಾರೂ ಏನೂ ಕೇಳಲಿಲ್ಲ, ಒಬ್ಬರು ಬರೆದುಕೊಂಡ್ರು ಅನ್ಸುತ್ತೆ, ಪೆನ್ನಿನ ಸದ್ದು ಬಂತು. ಬಸ್ಸಲ್ಲಿ ನೀವು ಬೇಕೂಂತ ಹಾಗೆ ಅಂದ್ರಿ ಅಲ್ವಾ ಮೇಷ್ಟ್ರೇ, ನಾನು ಬಿಟ್ಟುಬಿಡ್ತೀನಾ ನೋಡೋಣ ಅಂತ, ನಾನು ಬಿಡಲಿಲ್ಲ. ನಲವತ್ತನಾಲ್ಕು, ಒಳಗೆ ಬಾ. ಬಾಗಿಲು ಮತ್ತೆ ಮುಚ್ಚಿತು. ಏನಾದ್ರೂ ಅನ್ನಿ ಮೇಷ್ಟ್ರೇ, ಮಗು ಕಾಯ್ತಿದೆ, ಸೂ ಫೆನ್ ಹೇಳುತ್ತಿದ್ದಾಳೆ, ಬಾಯಿಗೆ ಬೀಗ ಹಾಕಿದ್ದೀರಾ, ಅನ್ನಬೇಕು, ಈಗಲಾದರೂ, ಬಾಯಿ ತೆರೆದ, ಮೊದಲ ಮಾತು ಯಾವುದು, ನಾನು, ನನ್ನ, ರುಯಿ ನಿನಗೆ ನಾನು — ಅವಳು ಎರ್ಹುವಿನ ಕುತ್ತಿಗೆ ಹಿಡಿದು ನಿಂತಿದ್ದಾಳೆ, ಕಮಾನು ಕೆಳಗೆ ಜೋತುಬಿದ್ದಿದೆ, ಯಾವ ಸ್ವರವೂ ಇಲ್ಲ, ನುಡಿಸುವುದು ಮುಗಿದಿದೆ, ಅವಳ ಎಡಗೈಯ ಮೂರು ಬೆರಳು ಸುಮ್ಮನಿವೆ, ಉಂಗುರ ಬೆರಳು ಮಾತ್ರ, ತಂತಿ ಮುಟ್ಟದೆ, ಗಾಳಿಯಲ್ಲಿ, ಉಂಗುರ ಬೆರಳು