ಒಂದೇ ಡಬ್ಬಿಯ ನೀರು

ಹಣ್ಣಿನವನನ್ನು ಕೂದಲು ಹಿಡಿದು ಬೀದಿಗೆ ಎಳೆದು ತಂದವನು ಗುಬ್ಬಿ ಎಂಬ ಹುಡುಗಿಯ ಅಣ್ಣ. ಆ ಅಣ್ಣನ ಪುಟ್ಟ ಮಗಳನ್ನು ನಿನ್ನೆಯಷ್ಟೇ ಮಣ್ಣು ಮಾಡಿ ಬಂದಿದ್ದರು. ಬೀದಿಯಲ್ಲಿ ಮನೆಗೊಂದರಂತೆ ಹೆಣ ಎದ್ದಿತ್ತು. ಮೊದಲು ಜ್ವರ, ಆಮೇಲೆ ರಕ್ತಭೇದಿ, ಆಮೇಲೆ ಉಸಿರೇ ಇಲ್ಲ. ಸತ್ತವರೆಲ್ಲ ಈ ಹಣ್ಣಿನವನ ಕಲ್ಲಂಗಡಿ ಹೋಳು ತಿಂದವರು ಎಂಬುದೊಂದೇ ಜನರಿಗೆ ಸಿಕ್ಕ ಎಳೆ.

“ಸಿಹಿ, ಸಿಹಿ ಅಂತ ಗಂಟಲು ಹರ್ಕೋತಿದ್ದೆಯಲ್ಲೋ! ಈಗ ನೀನೇ ತಿನ್ನು!” ಒಬ್ಬ ಹೋಳನ್ನು ಸಿಪ್ಪೆ ಸಮೇತ ಅವನ ಬಾಯಿಗೆ ತುರುಕಿದ. ಇನ್ನೊಬ್ಬ ಪಕ್ಕೆಗೆ ಒದ್ದ.

“ನಾನೂ ತಿಂದಿದ್ದೀನಿ ಕಣಣ್ಣ... ನನ್ನ ಹೆಂಡ್ತೀನೂ ಮಲಗಿಬಿಟ್ಟಿದ್ದಾಳೆ...”

“ನಾಟಕ!” ಅಣ್ಣನ ಕೈಯ ಸಲಾಕೆ ಅವನ ಮೊಣಕಾಲಿನ ಮೇಲೆ ಬಿತ್ತು.

ಗುಬ್ಬಿ ಸಾಣೆಯವನ ಮಗಳು, ಕೇಳಿದ ಮಾತಿಗೂ ಉತ್ತರ ಕೊಡದ ಹುಡುಗಿ. ಅಪ್ಪನ ಜೊತೆ ಅಂಗಡಿ ಅಂಗಡಿ ಅಲೆದು ಸಾಣೆಯ ಗಾಲಿ ತಿರುಗಿಸುತ್ತಿದ್ದಳು. ಮೊದಲು ಮಾಂಸದಂಗಡಿಯ ಕತ್ತಿಗಳು, ಆಮೇಲೆ ಹಣ್ಣಿನವನ ಚೂರಿ. ಅಲಗು ಕಾಯದಂತೆ ಅದ್ದುವ ನೀರು ಮಾತ್ರ ಒಂದೇ ಡಬ್ಬಿಯದು. ಹಳೇ ನೀರಿನ ಕೆಸರಿನಿಂದಲೇ ಅಲಗಿಗೆ ಹೊಳಪು ಎಂದು ಅಪ್ಪ ಅದನ್ನು ಚೆಲ್ಲಲು ಬಿಡುತ್ತಿರಲಿಲ್ಲ. ಹೋದ ವಾರ ಆ ನೀರು ಮೂಗು ಮುಚ್ಚುವಂತೆ ನಾರುತ್ತಿತ್ತು. ಮಸೆದ ಚೂರಿಯನ್ನು ಹಣ್ಣಿನವನು ತೊಡೆಗೆ ಒರೆಸಿ ಹಾಗೇ ಹಣ್ಣಿಗೆ ಹಾಕಿದ್ದನ್ನು ಅವಳು ನೋಡಿದ್ದಳು.

ಅದೇ ಕಾರಣ ಎಂದೇನಲ್ಲ. ಆದರೆ ಇರಬಹುದು. ಬಾಯಿ ಬಿಟ್ಟರೆ ಸಲಾಕೆ ಗುಂಪಿನಂಚಿನಲ್ಲಿ ನಿಂತ ಅಪ್ಪನ ಕಡೆ ತಿರುಗುತ್ತದೆ. ಬಿಡದಿದ್ದರೆ ಹಣ್ಣಿನವನ ತಲೆ ಇನ್ನೊಂದು ಏಟಿಗೆ ಹೋಳಾಗುತ್ತದೆ.

ಸಲಾಕೆ ಮೇಲೆದ್ದಿತು.

“ಅಣ್ಣಾ, ನಿಲ್ಲು! ಆ ಚೂರಿ ಅದ್ದಿದ್ದು ನಮ್ಮ ನೀರಲ್ಲಿ. ಮಾಂಸದ ಕತ್ತಿ ಅದ್ದಿದ ನೀರಲ್ಲೇ. ಅಪ್ಪಾ, ಹೇಳಪ್ಪ!”

ಗುಂಪು ತಣ್ಣಗಾಗಲಿಲ್ಲ, ಅಪ್ಪನ ಕಡೆ ಮುಖ ತಿರುಗಿಸಿತು ಅಷ್ಟೆ.

“ಓಹೋ, ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ತಿದ್ರಾ!” ಹಿಂದಿನಿಂದ ಯಾರೋ ಕೂಗಿದರು. ಕಲ್ಲೊಂದು ಹಾರಿ ಬಂದು ಅಪ್ಪನ ಹುಬ್ಬು ಸೀಳಿತು.

ಅಪ್ಪ ರಕ್ತ ಒರೆಸಿಕೊಳ್ಳಲಿಲ್ಲ. ಮಗನನ್ನೇ ನೋಡುತ್ತ, “ನಿನ್ನ ಮಗೂಗೆ ಆ ಹೋಳು ಕೊಡಿಸಿದ್ದೂ ನಾನೇ ಕಣೋ,” ಎಂದ.

“ಯಾರೂ ಮುಟ್ಬೇಡಿ!” ಅಣ್ಣ ಅರಚಿದ. “ಇವನು ನನ್ನ ಪಾಲು.”

ಗುಬ್ಬಿ ನಡುವೆ ನುಗ್ಗಿ ಎರಡೂ ಕೈ ಮೇಲೆತ್ತಿದಳು. “ಗಾಲಿ ತಿರುಗಿಸಿದ್ದು ಈ ಕೈ.”

ಸಲಾಕೆ ಇಳಿಯಿತು. ಮುಂಗೈ ಮೂಳೆ ಲಟಕ್ಕೆಂದದ್ದು ಹಿಂದೆ ನಿಂತವರಿಗೂ ಕೇಳಿಸಿತು. ಅವಳು ಉಳಿದ ಕೈಯಿಂದ ಸಲಾಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಣ್ಣ ಎಳೆದ. ಬಿಡಲಿಲ್ಲ. ಬೈದು ಮತ್ತೆ ಎಳೆದ. ಆಗಲೂ ಬಿಡಲಿಲ್ಲ.

ಆಚೆ ಹಣ್ಣಿನವನು ಮೊಣಕೈ ಊರಿ ತನ್ನ ಅಂಗಡಿಯ ಕಡೆ ತೆವಳತೊಡಗಿದ. ಅವನನ್ನು ಈಗ ಯಾರೂ ನೋಡುತ್ತಿರಲಿಲ್ಲ.