ಬಜೆಗೆ ಬೇಕಾದಷ್ಟು ನೀರು

ಹನ್ನೆರಡು ದಿನ ರಜೆ ಹಾಕಿ ಮಗಳ ಹೆರಿಗೆಗೆ ಹೋಗಿದ್ದ ತೋಟದ ಕೆಲಸದ ಕೆಸರಕ್ಕ ಕೆಲಸಕ್ಕೆ ಹಿಂತಿರುಗಿದ ಬೆಳಿಗ್ಗೆ ಗ್ರಂಥಾಲಯದ ಹಿಂದಕ್ಕೆ ಹೋಗಿ ನೋಡಿದರೆ, ಬಜೆಯ ಪಾತಿಯೇ ಮಾಯ. ಟ್ಯಾಂಕಿನ ನೀರು ಉಕ್ಕಿ ಸುರಿಯುವ ಆ ಮೂಲೆಯಲ್ಲಿ ಅವಳು ಇಪ್ಪತ್ತೊಂದು ವರ್ಷ ಕೆಸರಲ್ಲಿ ನಿಂತು ಬಜೆ ಬೆಳೆಸಿದ್ದಳು. ಈಗ ಅಲ್ಲಿ ಹಳದಿ ಹೂವಿನ ಐರಿಸ್ ಗಿಡಗಳು ಶಿಸ್ತಾಗಿ ಸಾಲುಗಟ್ಟಿದ್ದವು. ಎಲೆ ನೋಡಿದರೆ ಎರಡೂ ಒಂದೇ, ಕತ್ತಿಯ ಹಾಗೆ ಉದ್ದ. ಅವಳು ಒಂದು ಎಲೆ ಮುರಿದು, ಹಿಸುಕಿ, ಮೂಗಿಗೆ ಹಿಡಿದಳು. ಬಜೆಯ ಘಾಟಿನ ಸುಳಿವೂ ಇಲ್ಲ, ಬರೀ ಹಸಿ ಹುಲ್ಲಿನ ವಾಸನೆ. ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು.

ಕೆಸರಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಓದುವ ಕೋಣೆಯ ನೆಲದ ಮೇಲೆ ಅವಳ ಹೆಜ್ಜೆ ಗುರುತು ಒರೆಸಿ ಒರೆಸಿ ಸುಸ್ತಾದ ಕಸಗುಡಿಸುವಾಕೆ ಕೊಟ್ಟ ಬಿರುದು. ಕೊಟ್ಟವಳು ಬೈಗುಳವೆಂದೇ ಕೊಟ್ಟಿದ್ದಳು, ಇವಳು ಬಹುಮಾನವೆಂದು ಇಟ್ಟುಕೊಂಡಳು.

ಅವಳು ನೇರ ಬೈಂಡಿಂಗ್ ಕೋಣೆಗೆ ನುಗ್ಗಿದಳು. ಪ್ರತಿ ವರ್ಷ ಅವಳು ಬಜೆಯ ಬೇರನ್ನು ಅಗೆದು, ತೊಳೆದು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ತಾರಸಿಯಲ್ಲಿ ಒಣಗಿಸಿ ತಂದುಕೊಟ್ಟರೆ, ಬೈಂಡರಣ್ಣ ಪುಸ್ತಕದ ರಟ್ಟಿಗೆ ಅಂಟಿಸಿ ಮಿಕ್ಕ ಬಟ್ಟೆಯ ಚೂರುಗಳಲ್ಲಿ ಅದನ್ನು ಹಾಕಿ ಪುಟ್ಟ ಚೀಲ ಹೊಲಿಯುತ್ತಿದ್ದ. ಪುಸ್ತಕದ ಪ್ರತಿ ಕಪಾಟಿಗೂ ಒಂದು ಚೀಲ, ಆಫೀಸಿನ ಕಡತಗಳ ಬೀರುವಿಗೆ ನಾಲ್ಕು. ಕಾಗದ ತಿನ್ನುವ ಹುಳ ಆ ಕಡೆ ಸುಳಿಯುತ್ತಿರಲಿಲ್ಲ. ಈಗ ಆ ಮನುಷ್ಯ ಎರಡೂ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಂಕಾಗಿ ಕೂತಿದ್ದ.

"ಏನಣ್ಣಾ ಕೈಗೆ?"

"ಹೊಸ ಸಾಹೇಬ್ರು ಕಣಮ್ಮ. ಬಜೆ ಕೀಳಿಸಿ ಐರಿಸ್ ನೆಡಿಸಿದ್ರು. ಹಳೇ ಚೀಲ ಎಲ್ಲಾ ಎಸೀರಿ, ಐರಿಸ್ ನೆಟ್ಟು ಮಿಕ್ಕಿದ ಬೇರಿದೆಯಲ್ಲ, ಅದನ್ನೇ ಹೆಚ್ಚಿ ತುಂಬಿ ಅಂದ್ರು. ಬೇರು ಅಂದ್ರೆ ಬೇರು ತಾನೆ ಅಂದ್ರು. ಹೆಚ್ಚಿದೆ. ಅವತ್ತಿಂದ ಒಂದೇ ಸಮ ನವೆ, ಗುಳ್ಳೆ."

"ಅವ್ರು ಅಂದ್ರು, ನೀವು ಹೆಚ್ಚಿದ್ರಿ! ಇಷ್ಟು ವರ್ಷ ಬಜೆ ಮುಟ್ಟಿದ ಕೈಗೆ ಬೇರೆ ಬೇರು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಸಾಹೇಬ್ರಿಗೆ ಎದುರಾಡೋಕಾಗುತ್ತಾ?"

"ಯಾಕಾಗಲ್ಲ? ಬಾಯಿಗೂ ಬಟ್ಟೆ ಸುತ್ಕೊಂಡಿದ್ರಾ?"

ಕಿತ್ತ ಬಜೆ ಎಲ್ಲಿ ಎಂದರೆ, ಸೈಕಲ್ ಸ್ಟ್ಯಾಂಡಿನ ಹಿಂದೆ, ಕಸದ ರಾಶಿಯಲ್ಲಿ. ಎಲೆ ಒಣಗಿ ತರಗಾಗಿತ್ತು. ಆದರೆ ಬೇರನ್ನು ಉಗುರಿನಿಂದ ಕೆರೆದರೆ ಒಳಗಿನ್ನೂ ಹಸಿ, ಮೂಗಿಗೆ ಬಡಿಯುವ ಘಾಟು. "ಬದುಕಿದ್ದೀಯಲ್ಲ, ಸಾಕು" ಎಂದು ಅವಳು ಒಂದು ಬುಟ್ಟಿ ತುಂಬ ಆರಿಸಿಕೊಂಡಳು.

ಐರಿಸ್ ಕೀಳಲು ಅವಳಿಗೆ ಮನಸ್ಸಾಗಲಿಲ್ಲ. ಹೂವಿನ ತಪ್ಪೇನಿದೆ? ಆದರೆ ಬಜೆಗೂ ಜಾಗ ಬೇಕು. ಮುಂಬಾಗಿಲ ಎದುರು ಒಂದು ಕಾರಂಜಿ ಇತ್ತು. ಅದು ನೀರು ಕಂಡು ಎಷ್ಟು ವರ್ಷವಾಯಿತೋ, ಬಂದವರೆಲ್ಲ ಕಾಗದದ ಲೋಟ ಎಸೆಯುತ್ತಿದ್ದರು. ಕೆಸರಕ್ಕ ಲೋಟಗಳನ್ನು ಬಾಚಿ ತೆಗೆದು, ತಳದ ತೂತಿಗೆ ಜೇಡಿಮಣ್ಣು ಮೆತ್ತಿ, ಹದಿನಾರು ಬುಟ್ಟಿ ಮಣ್ಣು ಸುರಿದು ಪೈಪು ಬಿಟ್ಟಳು. ಹನ್ನೆರಡು ಗಂಟೆಯ ಹೊತ್ತಿಗೆ ಸಾಹೇಬರ ಕಾರು ನಿಲ್ಲುವ ಜಾಗದ ಎದುರಿಗೇ ನಲವತ್ತು ತುಂಡು ಬಜೆ ನೆಟ್ಟಾಗಿತ್ತು.

ಸಾಹೇಬರು ಗ್ರಂಥಾಲಯದ ಮುಖ್ಯಸ್ಥರಾಗಿ ಬಂದು ನಾಲ್ಕು ತಿಂಗಳಾಗಿತ್ತು. ಏನೇ ಕೇಳಿದರೂ ಮೊಬೈಲ್ ತೆಗೆದು ಅದರಲ್ಲಿ ನೋಡಿ ಹೇಳುವ ಮನುಷ್ಯ.

"ಏನ್ರೀ ಇದು, ಬಾಗಿಲಲ್ಲೇ ಕೆಸರು?"

"ಬಜೆ ಸಾರ್. ಇದರ ಜಾಗದಲ್ಲಿ ನಿಮ್ಮ ಐರಿಸ್ ಕೂತಿದೆಯಲ್ಲ."

"ಎರಡೂ ನೀರು ಕೇಳೋ ಗಿಡಾನೇ, ನಾನೂ ಓದಿದ್ದೀನಿ. ಒಂದು ಹೂ ಬಿಡುತ್ತೆ, ಇನ್ನೊಂದು ಬಿಡಲ್ಲ. ಯಾವುದನ್ನ ಇಟ್ಕೋಬೇಕು, ನೀವೇ ಹೇಳಿ."

"ಬಿಡುತ್ತೆ ಸಾರ್, ಬೆರಳುದ್ದ. ಬಗ್ಗಿ ನೋಡಿದೋರಿಗೆ ಕಾಣುತ್ತೆ. ನೀರು ಕೇಳುತ್ತೆ, ಸರಿ. ಎಷ್ಟು ಕೇಳುತ್ತೆ ಅನ್ನೋದು ಬೇಡ್ವಾ? ನಿಮ್ಮ ಐರಿಸ್‌ಗೆ ನೆಲ ಒದ್ದೆಯಾಗಿದ್ರೆ ಸಾಕು. ಗೇಟಿನ ನಲ್ಲಿ ಪಕ್ಕ ನೆಡಿ, ಬಿಸಿಲಲ್ಲಿ ಇನ್ನೂ ಚೆನ್ನಾಗಿ ಹೂ ಬಿಡುತ್ತೆ, ಬರೋರೆಲ್ಲ ನೋಡ್ತಾರೆ. ಬಜೆ ಹಾಗಲ್ಲ. ಅದರ ಕಾಲು ನೀರಲ್ಲೇ ಇರ್ಬೇಕು, ಒಂದು ಬೇಸಿಗೆ ಒಣಗಿಸಿದ್ರೆ ಬೇರು ಸೊರಗುತ್ತೆ. ಅದು ನೋಡೋಕಲ್ಲ, ಪುಸ್ತಕ ಕಾಯೋಕೆ. ಆ ಐರಿಸ್ ಬೇರು ಏನು ಮಾಡುತ್ತೆ ಅಂತ ಬೈಂಡರಣ್ಣನ ಕೈ ನೋಡ್ಕೊಂಡು ಬನ್ನಿ."

ಬಾಗಿಲಲ್ಲಿ ನಿಂತಿದ್ದ ಇಬ್ಬರು ಓದುಗರು ಕಿಸಕ್ಕನೆ ನಕ್ಕರು. ಅದೇ ಕೆಟ್ಟಿತು. ಸಾಹೇಬರ ಮುಖ ಕೆಂಪೇರಿತು.

ಅರ್ಧ ಗಂಟೆಯಲ್ಲಿ ಮೆಮೊ ಬಂತು. ನಿರುಪಯುಕ್ತ ಕಳೆಯನ್ನು ಮುಖ್ಯದ್ವಾರದಲ್ಲಿ ನೆಟ್ಟು ಅಧಿಕಾರಿಯೊಂದಿಗೆ ಉದ್ಧಟತನ ತೋರಿದ್ದಕ್ಕೆ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು? ಸದರಿ ಕಳೆಯನ್ನು ಕಿತ್ತು, ಸಂಜೆ ನಾಲ್ಕರೊಳಗೆ ಲಿಖಿತ ಉತ್ತರ ಕೊಡತಕ್ಕದ್ದು.

ಅವಳ ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿತ್ತು. ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ತಪ್ಪಾಯ್ತು ಅಂತ ಎರಡು ಸಾಲು ಬರ್ದುಬಿಡಮ್ಮ" ಎಂದ ಬೈಂಡರಣ್ಣ. "ನಾನೇ ಬರ್ಕೊಡ್ತಿದ್ದೆ, ಈ ಕೈಲಿ ಪೆನ್ನು ಹಿಡಿಯೋಕಾಗ್ತಿಲ್ಲ."

ಆ ಕೈ ನೋಡಿದ್ದೇ ತಡ, ಅವಳ ಭಯ ಅಲ್ಲೇ ಇಳಿದುಹೋಯಿತು. ಕೆಲಸ ಹೋದೀತು ಎಂದು ಹೆದರಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಸಿಗುವುದು ಇದೇ ತಾನೆ, ಸುತ್ತಿಕೊಳ್ಳಲು ಒಂದು ಒದ್ದೆ ಬಟ್ಟೆ? ಅವಳು ಓದಿದ್ದು ನಾಲ್ಕನೇ ತರಗತಿ. ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು, ಹಾರೆ ಹಿಡಿದಂತೆ ಹಿಡಿದು, ದಪ್ಪ ದಪ್ಪ ಅಕ್ಷರಗಳಲ್ಲಿ ತಾನೇ ಬರೆದಳು:

'ಬಜೆ ಕಳೆ ಅಲ್ಲ. ನಿರುಪಯುಕ್ತವೂ ಅಲ್ಲ. ಐರಿಸ್ ಬೇರು ಹೆಚ್ಚಲು ಹೇಳಿದವರು ಬೈಂಡರಣ್ಣನ ಕೈಗೆ ಔಷಧ ಕೊಡಿಸಬೇಕು. ಟ್ಯಾಂಕಿನ ಮೂಲೆ ಬಿಟ್ಟುಕೊಟ್ಟರೆ ಬಜೆಯನ್ನು ಅಲ್ಲಿಗೆ ಒಯ್ಯುತ್ತೇನೆ. ಅಲ್ಲಿಯವರೆಗೆ ಕಾರಂಜಿಯಲ್ಲೇ ಇರುತ್ತದೆ. ನಾನು ಕೀಳುವುದಿಲ್ಲ.'

ಬೈಂಡರಣ್ಣ ಓದಿದ. ಕೊನೆಯ ಸಾಲನ್ನು ಎರಡು ಸಲ ಓದಿದ. ಆಮೇಲೆ ಎದ್ದು, ಮೊಣಕೈಯಿಂದ ಡ್ರಾಯರ್ ತಳ್ಳಿ ತೆಗೆದು, "ಒಂದೇ ಒಂದು ಹಳೇ ಚೀಲ ಎಸೆದಿರಲಿಲ್ಲ" ಎಂದ. ಅವಳು ಹೊಲಿಗೆ ಬಿಚ್ಚಿ ಒಣಗಿದ ಒಂದು ಬಿಲ್ಲೆ ತೆಗೆದುಕೊಂಡಳು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅವಳು ತಂದುಕೊಟ್ಟ ಕವರನ್ನು ಸಾಹೇಬರು ಹರಿದರು. ಕಾಗದದ ಜೊತೆ ಬಿಲ್ಲೆಯೂ ಮೇಜಿನ ಮೇಲೆ ಬಿತ್ತು. ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು.

"ಇದು ನಿಮ್ಮ ಕಡತಕ್ಕೆ ಹೋಗುತ್ತೆ, ಗೊತ್ತಲ್ಲ?"

"ಹೋಗ್ಲಿ ಅಂತಾನೇ ಬರ್ದಿದ್ದು ಸಾರ್."

"ಮತ್ತೆ ಈ ಬೇರು ಯಾಕೆ?"

"ಕಡತದೊಳಗೆ ಕಾಗದದ ಜೊತೆ ಇಡೋಕೆ. ಬೀರುವಿನ ಚೀಲ ಎಲ್ಲಾ ನೀವು ಎಸ್ದಿದ್ದೀರಿ, ಹುಳ ಬರುತ್ತೆ. ಮಿಕ್ಕಿದ್ದೆಲ್ಲ ತಿನ್ಲಿ. ನಾನು ಕೀಳಲ್ಲ ಅಂತ ಬರ್ದಿದ್ದನ್ನ ತಿನ್ಬಾರ್ದು. ನಿಮ್ಮ ಆಮೇಲೆ ಬರೋ ಸಾಹೇಬ್ರೂ ಓದ್ಬೇಕು."

ಹೋಗಿ ಎಂದು ಅವರು ಹೇಳುವವರೆಗೆ ಅವಳು ಕಾಯಲಿಲ್ಲ. ಕಾರಂಜಿಯಲ್ಲಿ ನೀರು ಎರಡು ಬೆರಳು ಇಂಗಿತ್ತು. ಅವಳು ಪೈಪು ಎಳೆದು ತಂದು ಬಜೆಗೆ ನೀರು ಬಿಟ್ಟಳು.